ಅಂತೋನಿನಾ ಎರಕ ಹೊಯ್ದ ಆಸನ

ಅಂತೋನಿನಾ ಸವೇಲ್ಯೆವ್ನಾಳಿಗೆ ಗಗನಯಾತ್ರಿಗಳ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಮಾಸ್ಕೋದ ಹೊರಗಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಹಾರುವವರನ್ನು ಬೆಚ್ಚಗಿನ ಪ್ಲಾಸ್ಟರಿನಲ್ಲಿ ಮಲಗಿಸಿ ಅಚ್ಚು ತೆಗೆದು, ಅವರವರ ಮೈಗೆ ಒಪ್ಪುವ ಆಸನ ಮಾಡುವುದು. ಇಳಿಯುವ ನೌಕೆ ನೆಲಕ್ಕೆ ಬಡಿಯುವಾಗ ಬೆನ್ನುಮೂಳೆ ಕಾಯುವುದು ಅದೇ.

ಗಂಡ ರೊದಿಯೋನ್ ಎಂಜಿನಿಯರ್. ಎರಡು ಸಲ ಬದಲಿ ಗಗನಯಾತ್ರಿಯಾಗಿ ತಯಾರಾಗಿ, ಎರಡು ಸಲವೂ ಬೇರೆಯವರನ್ನು ನೌಕೆ ಹತ್ತಿಸಿ ಕೈಬೀಸಿ ಬಂದವನು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಕೊನೆಗೂ ಅವನ ಸರದಿ ಬಂತು. ಕಕ್ಷೆಯ ನಿಲ್ದಾಣಕ್ಕೆ ಸಾಮಾನು ಒಯ್ದು, ಅಲ್ಲಿದ್ದ ಒಬ್ಬನನ್ನು ಬಿಡಿಸಿ ತಾನು ಉಳಿಯಬೇಕಿತ್ತು. ಅವನ ಬೆನ್ನಿನ ಅಚ್ಚನ್ನು ಅವಳೇ ತೆಗೆದಳು. ಪ್ಲಾಸ್ಟರ್ ಗಟ್ಟಿಯಾಗುವವರೆಗೂ ಅವನು ಹುಡುಗನಂತೆ ನಗುತ್ತಲೇ ಇದ್ದ.

ಉಡಾವಣೆಗೆ ಎರಡು ತಿಂಗಳಿರುವಾಗ ಮೇಲಿನಿಂದ ಆದೇಶ ಬಂತು. ಮಿತ್ರದೇಶದ ಅತಿಥಿಯೊಬ್ಬ ವಾರದ ಮಟ್ಟಿಗೆ ಹೋಗಿಬರಬೇಕಂತೆ. ಅವನಿಗೆ ರೊದಿಯೋನನ ಜಾಗ. ನಿಲ್ದಾಣದಲ್ಲಿದ್ದವನು ಇನ್ನೂ ಐದು ತಿಂಗಳು ಅಲ್ಲೇ ಕೊಳೆಯಲಿ ಎಂದಾಯಿತು. ನೌಕೆಯೊಳಗಿನ ಕೆಲಸವನ್ನು ಅತಿಥಿಗೆ ಕಲಿಸುವ ಹೊಣೆ ರೊದಿಯೋನನದು, ಆಸನ ಮಾಡುವ ಹೊಣೆ ಅಂತೋನಿನಾಳದು. ಬೇರೆ ಯಾರಿಗಾದರೂ ಕೊಡಿ ಎಂದು ಅವಳು ಮೇಸ್ತ್ರಿಯನ್ನು ಕೇಳಿಕೊಂಡಳು. ಅವಳಷ್ಟು ಪಳಗಿದ ಕೈ ಇನ್ನೊಂದಿಲ್ಲ ಎಂದು ಅವನು ಒಪ್ಪಲಿಲ್ಲ. ಗಂಡನ ಆಸನವನ್ನು ನಿಯಮದಂತೆ ಸುತ್ತಿಗೆಯಿಂದ ಒಡೆದು ರುಜು ಹಾಕಿದ್ದೂ ಅವಳೇ.

ಅತಿಥಿಯ ಆಸನ ಉಜ್ಜುವಾಗ, ಸೊಂಟದ ಹತ್ತಿರ ಒಂದು ಬೆರಳಿನಷ್ಟು ಹೆಚ್ಚು ತೆಗೆದರೆ ಯಾರಿಗೆ ಗೊತ್ತಾದೀತು ಎಂದು ಅವಳಿಗೆ ಅನಿಸಿದ್ದುಂಟು. ತೆಗೆಯಲಿಲ್ಲ.

ಇಳಿಯುವ ದಿನ ಹುಲ್ಲುಗಾವಲಿನಲ್ಲಿ ಬಿರುಗಾಳಿ. ನೌಕೆ ಬಡಿದು ಪಲ್ಟಿ ಹೊಡೆಯಿತು; ಗಾಳಿ ತುಂಬಿದ ಪ್ಯಾರಾಚೂಟ್ ಅದನ್ನು ದೂರ ಎಳೆದುಕೊಂಡು ಹೋಯಿತು. ಅತಿಥಿ ಎದ್ದು ನಡೆದುಬಂದು, ಟಿವಿಯಲ್ಲಿ ಎಲ್ಲರಿಗೂ ವಂದನೆ ಹೇಳಿದ. ಕಲಿಸಿದವನ ಹೆಸರು ಅದರಲ್ಲಿರಲಿಲ್ಲ. ಆಸನಕ್ಕಾಗಿ ಅಂತೋನಿನಾಳಿಗೆ ಪದಕ ಬಂತು.

ಪದಕ ಕಂಡು ರೊದಿಯೋನ್ ಸೂಪಿನ ತಟ್ಟೆ ಪಕ್ಕಕ್ಕೆ ಸರಿಸಿದ.

"ಎಷ್ಟ್ ಚೆನ್ನಾಗ್ ಮಾಡ್ಕೊಟ್ಟೆ ತೋನ್ಯಾ, ಅವನಿಗೆ ಒಂಚೂರೂ ನೋವಾಗ್ಲಿಲ್ವಂತೆ."

"ಮತ್ತೇನ್ ಮಾಡ್ಬೇಕಿತ್ತು? ಬೆನ್ನು ಮುರೀಬೇಕಿತ್ತಾ?"

"ಆಗಲ್ಲ ಅಂದು ಮನೇಲಿ ಕೂರಬಹುದಿತ್ತು."

"ನೀನೂ ಕಲಿಸಲ್ಲ ಅನ್ನಬಹುದಿತ್ತಲ್ಲ?"

ಮರುವರ್ಷ ವೈದ್ಯರು ರಕ್ತದೊತ್ತಡದ ನೆಪದಲ್ಲಿ ರೊದಿಯೋನನನ್ನು ಗಗನಯಾತ್ರಿಗಳ ಪಟ್ಟಿಯಿಂದಲೇ ತೆಗೆದರು. ಅವನು ಒಬ್ಬನೇ ತಾಂಬೋವ್‌ನಲ್ಲಿದ್ದ ಅಕ್ಕನ ಮನೆ ಸೇರಿ, ಅಲ್ಲೇ ಬಾಯ್ಲರ್ ನೋಡಿಕೊಳ್ಳುವ ಕೆಲಸ ಹಿಡಿದ. ಹೊಸ ವರ್ಷಕ್ಕೆ ಅಂತೋನಿನಾಳಿಗೆ ಒಂದು ಕಾರ್ಡು ಬರುತ್ತಿತ್ತು. ಅದರ ಮೇಲೆ ಅಕ್ಕನ ಕೈಬರಹ.