ಫಕ್ಕೀರವ್ವನ ದಾವೆ ಬಿದ್ದುಹೋದದ್ದು

ನೀನು ಕೂಗಿದ್ದು ನನಗೆ ಕೇಳಿಸಿತ್ತು, ಫಕ್ಕೀರವ್ವ. ಕೋರ್ಟಿನಲ್ಲಿ ದೇವರ ಆಣೆ ಮಾಡಿ, ನೀನು ಕೂಗಲೇ ಇಲ್ಲ ಎಂದೆ. ನಿನ್ನ ನುಕ್ಸಾನಿ ಪರಿಹಾರದ ದಾವೆ ಬಿದ್ದುಹೋದದ್ದು ಆ ಒಂದು ಮಾತಿನಿಂದ. ಆಗ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಈಗ ಅದೂ ಮುಗಿದು ಸ್ವರಾಜ್ಯವೂ ಬಂದಿದೆ. ನಾನು ಮಾತ್ರ ಬಾಯಿ ಬಿಟ್ಟಿಲ್ಲ. ಎದುರಿಗೆ ಬಂದಾಗ ನಾಲಿಗೆ ಹೊರಳದೆ ಹೋದೀತು ಎಂದು ಮೊದಲು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕಿಆಲೂರಿನ ಆ ಅಕ್ಕಿ ಗಿರಣಿಯಲ್ಲಿ ಎಂಜಿನ್ ನಡೆಸುವವನು ನಾನು. ಎಂಜಿನ್ನಿನ ಗಾಲಿಗೆ ಸುತ್ತಿ ಓಡುವ ಪಟ್ಟಾದ ಕೆಳಗೆ ಬಿದ್ದ ತೌಡು ಗುಡಿಸುವವಳು ನೀನು. ಆ ಎಂಜಿನ್ ಎಂಥ ಹಟಮಾರಿ ಎಂದು ನಿನಗೆ ಗೊತ್ತೇ ಇದೆ. ಒಮ್ಮೆ ನಿಲ್ಲಿಸಿದರೆ ಮುಗಿಯಿತು, ಮತ್ತೆ ಅದರ ತಲೆಗೆ ದೀಪದ ಉರಿ ಹಿಡಿದು ಕಾಯಿಸಿ ಕಾಯಿಸಿ ಸಾಕಾಗುತ್ತಿತ್ತು. ನಿಂತ ಹೊತ್ತನ್ನು ಗಿರಣಿಯ ಸಾವಕಾರ ನನ್ನ ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದ. ಅದಕ್ಕೇ ಎಂಜಿನ್ ಓಡುತ್ತಿರುವಾಗಲೇ ನೀವು ಹೆಣ್ಣುಮಕ್ಕಳು ಬಗ್ಗಿ ಗುಡಿಸುತ್ತಿದ್ದಿರಿ. ಸೆರಗಿನ ತುದಿ ಪಟ್ಟಾಕ್ಕೆ ಸಿಗುವುದು, ಪರ್ ಎಂದು ಹರಿಯುವುದು, ನೀವು ಬೈದು ನಗುವುದು — ಅದೆಲ್ಲ ನಮಗೆ ರೂಢಿಯಾಗಿಬಿಟ್ಟಿತ್ತು.

ಆ ದಿನವೂ ನಿನ್ನ ಸೆರಗು ಸಿಕ್ಕಿತು, ನೀನು "ಈರಣ್ಣಾ, ಬಂದ್ ಮಾಡೋ!" ಎಂದು ಒದರಿದೆ. ನನ್ನ ಕೈ ಎಂಜಿನ್ ನಿಲ್ಲಿಸುವ ಹಿಡಿಕೆಯ ಮೇಲೇ ಇತ್ತು. ಸೆರಗು ತಾನೇ, ಹರಿದು ಹೋಗುತ್ತದೆ ಅಂದುಕೊಂಡೆ. ಕಾದೆ. ಆದರೆ ನೀನುಟ್ಟದ್ದು ಹೊಸ ಸೀರೆ, ಗಟ್ಟಿ ನೇಯ್ಗೆಯದು — ಹರಿಯಲಿಲ್ಲ; ಪಟ್ಟಾ ಅದರ ಜೊತೆ ನಿನ್ನ ಕೈಯನ್ನೂ ಎಳೆದುಕೊಂಡಿತು. ನೀನು ಎರಡನೆಯ ಸಲ ಕೂಗಿದಾಗ ಅದರಲ್ಲಿ ಮಾತೇ ಇರಲಿಲ್ಲ... ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನ್ನ ಬಲಗೈಯನ್ನು ಮೊಣಕೈವರೆಗೆ ತೆಗೆದರು.

ನಿನ್ನ ತಮ್ಮ ದಾವೆ ಹಾಕಿಸಿದ. ಕೂಗಿದರೂ ಎಂಜಿನ್ ನಿಲ್ಲಿಸಲಿಲ್ಲ ಎಂಬುದರ ಮೇಲೆಯೇ ಆ ದಾವೆ ನಿಂತಿತ್ತು. ಸಾವಕಾರ ನನ್ನನ್ನು ಮನೆಗೆ ಕರೆಸಿ, ಎಂದೂ ಇಲ್ಲದವನು ಚಹಾ ಕೊಡಿಸಿ, "ಈರಣ್ಣ, ಹಿಂಗ ಕೈಗೊಂದು ಕಾಲಿಗೊಂದು ನುಕ್ಸಾನಿ ಕೊಡಾಕ ಹತ್ತಿದ್ರ ಯಾವ ಧಂದೆ ಉಳಿತೈತಿ? ಗಿರಣಿಗೆ ಕೀಲಿ ಹಾಕ್ತೇನಿ. ಆಮ್ಯಾಲ ನಿಮ್ಮೆಲ್ಲಾರ ಮನ್ಯಾಗ ಒಲಿ ಹೆಂಗ ಹತ್ತತೈತಿ, ನೀನ ವಿಚಾರ ಮಾಡು" ಅಂದ. ನಂಬಿದೆ. ಇಲ್ಲ — ಪೂರ್ತಿ ನಂಬಿದ್ದೆ ಎಂದರೆ ಅದೂ ಸುಳ್ಳಾದೀತು. ನಂಬಿದರೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತಲ್ಲ, ಅದಕ್ಕೇ ನಂಬಿದೆ. ಎಂಜಿನ್ನಿನ ಎಂಥ ಸದ್ದಿನಲ್ಲೂ ಕೂಗಿದರೆ ನನಗೆ ಕೇಳುತ್ತದೆಂದು ಸಾಕ್ಷಿಕಟ್ಟೆಯಲ್ಲಿ ಕೈಯಾಡಿಸಿ ವರ್ಣಿಸಿದೆ. "ಆಕಿ ಒದರೇ ಇಲ್ರಿ ಸಾಹೇಬ್ರ" ಎಂದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

ಗಿರಣಿಗೆ ಕೀಲಿ ಹಾಕುತ್ತೇನೆ ಎಂದಿದ್ದ ಆ ಸಾವಕಾರ ಮರು ಸುಗ್ಗಿಗೇ ಹಿರೇಕೆರೂರಿನಲ್ಲಿ ಇನ್ನೊಂದು ಗಿರಣಿ ಹಾಕಿದ. ಹಾನಗಲ್ಲ, ಶಿಗ್ಗಾವಿ, ಸವಣೂರಿನ ಗಿರಣಿಯವರನ್ನೆಲ್ಲ ಕೂಡಿಸಿ, ನುಕ್ಸಾನಿಯ ಕಾಯದೆಯನ್ನೇ ತಿದ್ದಬೇಕು, ಕೋರ್ಟು ಕೊಡಿಸುವುದಕ್ಕೊಂದು ಮಿತಿ ಹಾಕಬೇಕು, ಇಲ್ಲದಿದ್ದರೆ ವ್ಯಾಪಾರ ನೆಲಕಚ್ಚುತ್ತದೆ ಎಂದು ಸರಕಾರಕ್ಕೆ ಅರ್ಜಿ ಕೊಡಿಸಿದ. ಆ ಸಭೆಯಲ್ಲಿ ಆಳುಮಕ್ಕಳ ಪರವಾಗಿ ಎದ್ದು, "ನಮಗೂ ಅದ ಬೇಕ್ರಿ" ಎಂದವನು ಯಾರು? ನಾನೇ. ಚಪ್ಪಾಳೆ ಬಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಹೋದ ವಾರ ಹುಲಗೂರಿನ ದರ್ಗಾಕ್ಕೆ ಬಂದಿದ್ದೆ. ಅಲ್ಲೇ ನೀನು ನಿನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಊರಿನ ಹೊಸ ಗಿರಣಿಗೆ ಕೆಲಸಕ್ಕೆ ಹೊರಟ ಹುಡುಗಿಯರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದೆ: "ಸೆರಗು ಸಿಕ್ತಂದ್ರ ಗಟ್ಟ್ಯಾಗಿ ಒದರ್ರವಾ. ನಾನೂ ಒದರೇನಿ ಅಂತನ ತಿಳಕೊಂಡಿದ್ನಿ, ನನ್ನ ಬಾಯಿಂದ ದನೀನ ಬಂದಿದ್ದಿಲ್ಲಂತ. ಈರಣ್ಣ ಖರೇ ಮನಷ್ಯಾ, ಕೇಳಿದ್ರ ನಿಲ್ಲಸ್ತಿದ್ದ."

ಗೋಡೆಯ ಮರೆಗೆ ಸರಿದೆ. ಕೋರ್ಟು ನಂಬಿದ್ದು ಇರಲಿ — ನೀನೂ ನನ್ನ ಮಾತನ್ನೇ ನಂಬಿ, ಆ ಕೈ ಹೋದದ್ದು ನಿನ್ನ ತಪ್ಪಿನಿಂದ ಎಂದುಕೊಂಡು ಇಷ್ಟು ವರ್ಷ... ನಾನು ನಿನ್ನೆದುರು ಬರಲಿಲ್ಲ. ಗೋಡೆಯ ಮರೆಯಿಂದಲೇ ಹೇಡಿಯಂತೆ ತಿರುಗಿದೆ.

ಬರುವ ಗುರುವಾರ ಬರುತ್ತೇನೆ. ಆ ಹುಡುಗಿಯರ ಮುಂದೆಯೇ ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಕ್ಕೆ ಬರುತ್ತಿಲ್ಲ, ತಂಗಿ. ನಿನ್ನನ್ನು ನೀನೇ ಬೈದುಕೊಂಡಿದ್ದು ಸಾಕು. ಇನ್ನು ನನ್ನನ್ನು ಬೈ.