ಹ್ಯಾಂಡ್‌ಬಿಲ್ಲಿಗೆ ಬರೆದ ಮುಖ

ತೊಂಬತ್ತರ ದಶಕದಲ್ಲಿ ನಾನು ಸಿನಿಮಾ ಹ್ಯಾಂಡ್‌ಬಿಲ್ಲುಗಳಿಗೆ ಚಿತ್ರ ಬರೆಯುತ್ತಿದ್ದೆ. ಇಂಗ್ಲಿಷಿನ ಹಳೆಯ ದೆವ್ವದ ಪಿಕ್ಚರುಗಳು ಬೆಳಗಿನ ಆಟಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. ಅವುಗಳಲ್ಲಿ ಒಂದನ್ನೂ ನೋಡಿ ಬರೆದವನಲ್ಲ ನಾನು. ಟಾಕೀಸಿನ ಮ್ಯಾನೇಜರು ಒಂದು ಮಾಸಲು ಫೋಟೊ ಕೊಡುತ್ತಿದ್ದರು, ಉಳಿದದ್ದು ನನ್ನ ಊಹೆ. ಅಚ್ಚಿನ ಬ್ಲಾಕಿಗೆ ಬೂದುಬಣ್ಣ ಹಿಡಿಯುವುದಿಲ್ಲ, ಭಯವೆಲ್ಲ ಕಪ್ಪು ಗೆರೆಯಲ್ಲೇ ಬರಬೇಕು.

ಆ ಸಲ ನಾನು ಬರೆದ ರಾಕ್ಷಸನನ್ನು ಮ್ಯಾನೇಜರು ವಾಪಸು ತಳ್ಳಿದರು. “ಇದು ಕಾರ್ಟೂನ್ ಆಯ್ತು ಕಣ್ರೀ. ನೋಡಿದೋರು ನಕ್ಕುಬುಡ್ತಾರೆ. ಹೆದರಬೇಕು.”

ನನಗೆ ಮೂಗಿನ ತುದಿಯಲ್ಲೇ ಕೋಪ. ವಿದ್ಯಾರಣ್ಯಪುರಂನ ಮನೆಗೆ ಬಂದು ಹೊಸ ಹಾಳೆ ಹಿಡಿದು ಕೂತೆ. ಎದುರಿಗೆ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಪಂಪ್ ಸ್ಟವ್ ಸಿಡಿದು ಅವಳ ಎಡಗೆನ್ನೆ ಬೆಂದು ಎರಡು ವರ್ಷವಾಗಿತ್ತು. ಅಂದಿನಿಂದ ಹೊಸ್ತಿಲು ದಾಟಿರಲಿಲ್ಲ. ಈಗ ಕುವೆಂಪುನಗರದ ಹೊಲಿಗೆ ತರಗತಿಯಲ್ಲಿ ಕಲಿಸಲು ಒಪ್ಪಿಕೊಂಡಿದ್ದಳು, ಸೋಮವಾರ ಸೇರಬೇಕಿತ್ತು. ಮುಖಕ್ಕೆ ಸೆರಗು ಹೊದೆಯದೆ ಹೋಗುತ್ತೇನೆ ಎಂದಿದ್ದಳು. ಅದನ್ನು ಕೇಳಿ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು.

ನಾನು ಅವಳನ್ನು ನೋಡುತ್ತಾ ಬರೆದೆ. ಕೈ ತಾನಾಗಿ ಓಡಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೆನ್ನೆಯಿಂದ ಕುತ್ತಿಗೆಗೆ ಇಳಿಯುವ ನೆರಿಗೆಗಳನ್ನು ಒಂದೊಂದಾಗಿ ನೋಡಿಕೊಂಡು ಬರೆದೆ. ಕೆಳಗೆ ‘ಎದೆಗಾರಿಕೆ ಇದ್ದವರು ಮಾತ್ರ ಬನ್ನಿ’ ಎಂದು ದಪ್ಪ ಅಕ್ಷರ ಕೂರಿಸಿದೆ. ಮ್ಯಾನೇಜರು ಬೆನ್ನು ತಟ್ಟಿದರು. ನಾಚಿಕೆಗೇಡು, ನನಗೆ ಹೆಮ್ಮೆಯೇ ಆಯಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನದನ್ನಲ್ಲ.

ಟಾಕೀಸಿನ ಸುತ್ತಮುತ್ತ ಹಂಚಿ ಮುಗಿಸುತ್ತಾರೆ, ನಮ್ಮ ಕಡೆ ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಆ ಸಲ ದಿನಪತ್ರಿಕೆಯೊಳಗೆ ಇಟ್ಟು ಮನೆಮನೆಗೆ ಕಳಿಸಿಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಪೇಪರಿನಿಂದಲೂ ಗುಲಾಬಿ ಹಾಳೆ ಜಾರಿತು. ನಾನು ಕೈಚಾಚುವಷ್ಟರಲ್ಲಿ ಅಕ್ಕ ಎತ್ತಿಕೊಂಡಿದ್ದಳು.

ತುಂಬ ಹೊತ್ತು ನೋಡಿದಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ.

“ಕಣ್ಣು ತಪ್ಪಾಗಿದೆ ಕಣೋ,” ಎಂದಳು. “ನಂದು ಇಷ್ಟು ತೆರೆಯಲ್ಲ.”

ನಾನು ಹಾಳೆಗೆ ಕೈಚಾಚಿದೆ. ಅವಳು ಕೊಡಲಿಲ್ಲ.

“ಎಲ್ಲೆಲ್ಲಿಗೆ ಹೋಗಿದೆ ಇದು?”

ಆಗಲಾದರೂ ಒಂದು ಸುಳ್ಳು ಹೇಳಬಹುದಿತ್ತು. “ಎಲ್ಲಾ ಕಡೆಗೂ,” ಎಂದೆ. “ಕುವೆಂಪುನಗರಕ್ಕೂ.”

ಅಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ನನ್ನ ಕೈಗಿಟ್ಟಳು.

“ಹಾಗಾದ್ರೆ ಅವರೆಲ್ಲ ನನ್ನ ನೋಡಿ ಆಯ್ತಲ್ಲ. ಇನ್ನು ನಾನ್ಯಾಕೆ ಹೋಗ್ಲಿ?”