ಆಟಿ ತಿಂಗಳ ಮದುಮಗಳು

ನನ್ನ ಅಣ್ಣನಿಗೆ ಪಡೀಲಿನಲ್ಲಿ ರಸ್ತೆ ಬದಿಗೆ ಒಂದು ಸೈಕಲ್ ಶಾಪ್ ಇತ್ತು. ಮಳೆಗಾಲದಲ್ಲಿ ಸೈಕಲ್ ತುಳಿಯುವವರು ಕಡಿಮೆ. ಹಾಗಾಗಿ ಮಳೆ ಹಿಡಿದ ಮೇಲೆ ಅಣ್ಣನ ಮುಖ್ಯ ಕೆಲಸವೆಂದರೆ ಬೆಂಚಿನ ಮೇಲೆ ಕುಳಿತು ರಸ್ತೆ ನೋಡುವುದು. ಪಕ್ಕದಲ್ಲಿ ಚಾದ ಅಂಗಡಿ ಇಟ್ಟಿದ್ದ ಬ್ಯಾರಿ ಮುಸಲ್ಮಾನ ಕಾಕನಿಗೂ ಅದೇ ಕೆಲಸ. ಇಬ್ಬರೂ ಸೇರಿ ಬಂಟ್ವಾಳದ ಕಡೆಗೆ ಹೋಗುವ ಪ್ರತಿ ಬಸ್ಸು, ಪ್ರತಿ ಲಾರಿ, ಪ್ರತಿ ಎತ್ತಿನ ಗಾಡಿಯ ವಿಚಾರಣೆ ಮಾಡಿಯೇ ಮುಂದಕ್ಕೆ ಬಿಡುತ್ತಿದ್ದರು.

ಅರುವತ್ತರ ದಶಕದ ನಡುವಿನ ಮಾತು. ಅಕ್ಕಿಗೆ ಬರ ಬಂದಿತ್ತು. ರೇಷನ್ ಅಂಗಡಿಯಲ್ಲಿ ಬೆಳಿಗ್ಗೆ ಚೀಲ ಇಟ್ಟು ಬಂದರೆ ಮಧ್ಯಾಹ್ನ ಚೀಲವೂ ಇರುತ್ತಿರಲಿಲ್ಲ. ಅಕ್ಕಿ ಕೇರಳದ ಗಡಿ ದಾಟಬಾರದೆಂದು ಸರಕಾರ ಗಡಿಯಲ್ಲಿ ಗೇಟು ಹಾಕಿ ಪೊಲೀಸರನ್ನು ನಿಲ್ಲಿಸಿತ್ತು. ದಾಟಿಸಿದವನಿಗೆ ಒಂದಕ್ಕೆ ಎರಡು. ಆ ಗಡಿಗೆ ಆಗ ಪಡೀಲು, ಬಂಟ್ವಾಳದ ಮೇಲಿಂದಲೇ ಹೋಗಬೇಕಿತ್ತು.

ಆ ವರ್ಷದ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಸುಮಾರಿಗೆ, ಒಂದು ದಿನ ಅಣ್ಣ ಬೆಂಚಿನಿಂದ ಎದ್ದು ನಿಂತನಂತೆ.

“ಕಾಕ, ಈಗ ಹೋದದ್ದು ಎಂತ?”

“ದಿಬ್ಬಣದ ಬಸ್ಸು. ಕಣ್ಣಿಲ್ವಾ ನಿಂಗೆ?”

“ಆಟಿಯಲ್ಲಿ ದಿಬ್ಬಣವಾ?”

“ನಿಮ್ಮ ಆಟಿಯ ಲೆಕ್ಕ ನನ್ನತ್ರ ಎಂತಕ್ಕೆ ಕೇಳ್ತೀ ಮಾರಾಯ? ನಮ್ಮವರಿಗೆ ಆಟಿ ಇಲ್ಲ. ಆದ್ರೆ ನಮ್ಮವರು ಬಸ್ಸಿಗೆ ಬಾಳೆಗಿಡ ಕಟ್ಟಿ ಹೋಗುವುದೂ ಇಲ್ಲ.”

ತುಳುವರ ಮನೆಯಲ್ಲಿ ಆಟಿಯಲ್ಲಿ ಮದುವೆ ಎಂಬ ಮಾತೇ ಇಲ್ಲ. ಹೊಸದಾಗಿ ಮದುವೆಯಾದವಳನ್ನೂ ಆ ತಿಂಗಳು ತವರಿಗೆ ಕರೆದುಕೊಂಡು ಬರುತ್ತಾರೆ. ಅಂಥ ತಿಂಗಳಲ್ಲಿ ಬಾಳೆಗಿಡ, ಮಾವಿನ ತೋರಣ ಕಟ್ಟಿಕೊಂಡು ಒಂದು ಬಸ್ಸು ಹೋಯಿತು. ವಾರ ಕಳೆಯುವುದರೊಳಗೆ ಇನ್ನೊಂದು ಹೋಯಿತು. ಅದರೊಳಗಿನ ಮದುಮಗಳು ಸೀರೆಯ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ನಮ್ಮಲ್ಲಿ ಮದುಮಗಳು ಮುಖ ಮುಚ್ಚುವ ಕ್ರಮವೇ ಇಲ್ಲ.

“ಇದರಲ್ಲಿ ಎಂತದೋ ಉಂಟು,” ಎಂದು ಅಣ್ಣ ಸಂಜೆ ಗಂಜಿ ಉಣ್ಣುವಾಗ ನನಗೆ ಹೇಳಿದ. “ಆ ಹುಡುಗಿಯನ್ನು ಯಾರೋ ಮೋಸ ಮಾಡಿ ಕರ್ಕೊಂಡು ಹೋಗ್ತಾ ಇದ್ದಾರೆ.”

ನಾನು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದೆ. ಆ ಮದುಮಗಳು ನಾನೇ.

ನಡೆದದ್ದು ಹೀಗೆ. ನಾನು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸದಲ್ಲಿದ್ದೆ. ಮೂರನೇ ಕ್ಲಾಸು ಮುಗಿದ ಕೂಡಲೇ ಸೇರಿದವಳು. ಆ ಮಳೆಗಾಲ ಬೀಜ ಮುಗಿದು ಕೆಲಸ ನಿಂತಿತ್ತು. ಕಾರ್ಖಾನೆಯಲ್ಲಿ ನಮ್ಮನ್ನೆಲ್ಲ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳಿದ್ದಳು. ನಾವು ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದೆವು. ಅವಳು ಬಂದು, “ಒಳ್ಳೆ ಸೀರೆ ಉಟ್ಕೊಂಡು ಬಸ್ಸಿನಲ್ಲಿ ಕೂತ್ಕೊಳ್ಳುವ ಕೆಲಸ ಉಂಟು, ಬರ್ತೀಯಾ? ಹೋಗಿ ಬಂದ್ರೆ ಒಂದು ಸೇರು ಕುಚ್ಚಲಕ್ಕಿ,” ಎಂದಳು. ಸೀಟಿನಡಿಯಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿತ್ತು. ಅದರ ಮೇಲೆಯೇ ಕಾಲಿಟ್ಟು ಕೂರುತ್ತಿದ್ದೆ.

ಬಸ್ಸು ಹೊರಡುತ್ತಿದ್ದದ್ದು ಕುಲಶೇಖರದ ಹತ್ತಿರದ ಒಂದು ಅಕ್ಕಿ ಮಿಲ್ಲಿನ ಅಂಗಳದಿಂದ. ಮಿಲ್ಲು ಧಣಿಗಳದ್ದು. ಧಣಿಗಳೆಂದರೆ ನಮ್ಮ ಕಡೆಯ ಮುನಿಸಿಪಾಲಿಟಿ ಮೆಂಬರು, ಮುಂದಿನ ಸಲ ದೊಡ್ಡ ಚುನಾವಣೆಗೆ ನಿಲ್ಲುವವರು. ದಿಬ್ಬಣದವರಾಗಿ ಕೂರುವ ಉಳಿದ ಹೆಂಗಸರು ಮಿಲ್ಲಿನ ಹತ್ತಿರ ಬಸ್ಸು ಹತ್ತುತ್ತಿದ್ದರು. ನನ್ನನ್ನು ಮಾತ್ರ ದೊಡ್ಡಕ್ಕನ ಜೊತೆ ಹಿಂದಿನ ಬಾಗಿಲಿನಿಂದ ಧಣಿಗಳ ಮನೆಯೊಳಗೆ ಕರೆದುಕೊಂಡು ಹೋಗಿ, ಅವರ ಹೆಂಡತಿಯ ಹಸಿರು ರೇಷ್ಮೆ ಸೀರೆ ಉಡಿಸಿ, ತಲೆತುಂಬ ಮಲ್ಲಿಗೆ ಮುಡಿಸುತ್ತಿದ್ದರು. ಧಣಿಗಳು ಬಿಳಿ ಖಾದಿಯಲ್ಲಿ ಬಂದು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು.

“ಸೆರಗು ಇನ್ನೂ ಮುಂದೆ ಎಳೆ. ಮದುಮಗಳಿಗೆ ನಾಚಿಕೆ ಬೇಡ್ವಾ? ಮತ್ತೆ ಬಸ್ಸಿನಲ್ಲಿ ನಿಮ್ಮ ಹೆಂಗಸರು ಸುಮ್ಮನೆ ಕೂತ್ಕೋಬಾರ್ದು. ಗೇಟು ಬರುವಾಗ ಒಬ್ಬಳಾದ್ರೂ ಅಳ್ಬೇಕು ಮಾರಾಯ್ತಿ, ಮದುವೆ ಅಂತ ಗೊತ್ತಾಗ್ಲಿ!”

“ಆಟಿಯಲ್ಲಿ ಮದುವೆ ಅಂದ್ರೆ ಯಾರಾದ್ರೂ ಕೇಳ್ಳಿಕ್ಕಿಲ್ವಾ ಧಣಿ?” ಎಂದು ದೊಡ್ಡಕ್ಕ ಒಮ್ಮೆ ಕೇಳಿದಳು.

“ಗೇಟಿನ ಪೊಲೀಸರು ಘಟ್ಟದ ಮೇಲಿನವರು. ಅವರಿಗೆ ಆಟಿ ಗೊತ್ತಿಲ್ಲ, ಪಾಟಿ ಗೊತ್ತಿಲ್ಲ.”

ಗೇಟಿನ ಪೊಲೀಸರ ಬಗ್ಗೆ ಅವರು ಹೇಳಿದ್ದು ಸರಿಯೇ. ಒಬ್ಬ ಪೇದೆ ನನಗೆ ಕೈಮುಗಿದು, “ಚೆನ್ನಾಗಿ ಬಾಳವ್ವ,” ಎಂದು ಹರಸಿಯೂ ಇದ್ದ. ಮುಂದಿನ ವಾರವೂ ಅವನೇ ಹರಸಿದ. ಧಣಿಗಳ ಲೆಕ್ಕ ತಪ್ಪಿದ್ದು ಪಡೀಲಿನ ಬೆಂಚಿನಲ್ಲಿ.

ಕಷ್ಟವೆಂದರೆ, ನನ್ನ ಅಣ್ಣ ಧಣಿಗಳ ಭಕ್ತ. ಅವರ ಪೋಸ್ಟರ್ ಅಂಟಿಸುವವನು ಅವನು, ಭಾಷಣ ಮಾಡುವಾಗ ಕೊಡೆ ಹಿಡಿಯುವವನು ಅವನು. ದೇಶಕ್ಕೆ ಅಕ್ಕಿ ಉಳಿಸಲು ಸೋಮವಾರ ರಾತ್ರಿ ಊಟ ಬಿಡಿ ಎಂದು ಧಣಿಗಳು ಮೈಕಿನಲ್ಲಿ ಹೇಳಿದ್ದರು. ಊಟ ಬಿಟ್ಟವನು ಅಣ್ಣ. ನನ್ನಿಂದಲೂ ಬಿಡಿಸಿದ. ನಾನು ತಂದ ಕುಚ್ಚಲಕ್ಕಿಯನ್ನು ರೇಷನ್ ಅಂಗಡಿಯದ್ದು ಎಂದು ಹೇಳಿದ್ದೆ. ಅದರ ಗಂಜಿ ಉಂಡು ಅವನು, “ನೋಡು, ಧಣಿಗಳು ಅಂಗಡಿಯವನನ್ನು ಗದರಿಸಿದ ಮೇಲೆ ರೇಷನ್ ಅಕ್ಕಿ ಎಷ್ಟು ಒಳ್ಳೆದಾಗಿದೆ!” ಎನ್ನುತ್ತಿದ್ದ.

ಆದ್ದರಿಂದ ದಿಬ್ಬಣದ ಬಸ್ಸಿನ ಸಂಶಯವನ್ನು ಅವನು ಯಾರಿಗೆ ಹೇಳಬೇಕು? ನೇರವಾಗಿ ಧಣಿಗಳ ಮನೆಗೇ ಹೋದ. ಹೋಗುತ್ತೇನೆ ಎಂದು ನನಗೆ ಹೇಳಿಯೇ ಹೋದ. ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಹೋಗಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ತೋಚದೆ, “ಕೊಡೆ ತಗೊಂಡು ಹೋಗು,” ಎಂದೆ.

ಎದೆ ಉಬ್ಬಿಸಿಕೊಂಡು ವಾಪಸ್ಸು ಬಂದ. ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು.

“ಧಣಿಗಳು ನನ್ನ ಬೆನ್ನು ತಟ್ಟಿದ್ರು! ಅವರಿಗೂ ಸಂಶಯ ಇತ್ತಂತೆ, ಅದು ಅಕ್ಕಿ ಕಳ್ಳರ ಕೆಲಸ ಅಂತ. ಆದ್ರೆ ಕಳ್ಳರು ಪಡೀಲಿನಿಂದ ಹೋಗುವುದು ಬರೀ ಕಣ್ಣುಕಟ್ಟು, ಅಕ್ಕಿ ಹೋಗುವುದು ಬೈಕಂಪಾಡಿಯಿಂದ ಅಂತೆ. ನಾಳೆಯಿಂದ ನಾನು ಅಲ್ಲಿ ನಿಂತು ನೋಡ್ಬೇಕು. ಕಂಡ್ರೆ ಸೀಟಿ ಊದ್ಬೇಕು.”

ಬೈಕಂಪಾಡಿ ಇರುವುದು ಊರಿನ ಬಡಗು ದಿಕ್ಕಿಗೆ. ಕೇರಳ ಇರುವುದು ತೆಂಕು ದಿಕ್ಕಿಗೆ. ಆಗ ಅಲ್ಲಿ ಈಗಿನ ಕಾರ್ಖಾನೆಗಳೂ ಇರಲಿಲ್ಲ. ಗದ್ದೆ, ಹೊಯಿಗೆ ಮರಳು, ಸಮುದ್ರದ ಗಾಳಿ. ಅಣ್ಣ ದಿನಾ ಬೆಳಿಗ್ಗೆ ಅಂಗಡಿ ಮುಚ್ಚಿ ಅಷ್ಟು ದೂರ ಸೈಕಲ್ ತುಳಿದು, ಒಂದು ತಾಳೆಮರದ ಬುಡದಲ್ಲಿ ನಿಂತು ಮಳೆಯನ್ನು ಕಾಯುತ್ತಿದ್ದ. ಒಮ್ಮೆ ಸೀಟಿ ಊದಿ ಒಂದು ಗಾಡಿ ನಿಲ್ಲಿಸಿದನಂತೆ. ಅದರಲ್ಲಿ ಒಣಮೀನು. ಗಾಡಿಯವನು ಬೈದದ್ದನ್ನು ಅಣ್ಣ ನನಗೆ ಪೂರ್ತಿ ಹೇಳಲಿಲ್ಲ.

ಸಂಜೆ ಒದ್ದೆಯಾಗಿ, ಕೆಮ್ಮುತ್ತಾ ಬರುತ್ತಿದ್ದ. ನಾನು ಕರಿಮೆಣಸಿನ ಕಷಾಯ ಕುದಿಸಿ ಕೊಡುತ್ತಿದ್ದೆ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನನಗೆ ಮದುವೆಯಾಗಿರಲಿಲ್ಲ. ಸುಳ್ಳು ಮದುಮಗಳಾಗಿ ವಾರಕ್ಕೊಂದು ಸಲ ಗಡಿ ದಾಟಿದವಳು ಎಂದು ಊರಿಗೆ ತಿಳಿದರೆ ನಿಜವಾದ ದಿಬ್ಬಣ ನನ್ನ ಬಾಗಿಲಿಗೆ ಬರುತ್ತಿತ್ತೇ? ಅಣ್ಣ ಬೈಕಂಪಾಡಿಯಲ್ಲಿದ್ದರೆ ನನಗೆ ಪಡೀಲ್ ದಾಟುವುದು ಸುಲಭ ಎಂದೂ ಅನ್ನಿಸಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಒಂದು ಮಧ್ಯಾಹ್ನ ಬೈಕಂಪಾಡಿಯ ಗಾಳಿಗೆ ಅಣ್ಣನ ಕೊಡೆ ಮಗುಚಿ ಕಡ್ಡಿಗಳೆಲ್ಲ ಮುರಿದವು. ಬೇರೆ ಕೊಡೆ ತರಲು ಅವನು ಪಡೀಲಿಗೆ ಬಂದ. ಕಾಕನ ಅಂಗಡಿಯಲ್ಲಿ ಚಾ ಕುಡಿಯುತ್ತಿರುವಾಗ ನಮ್ಮ ಬಸ್ಸು ಬಂತು. ಅಣ್ಣ ಗ್ಲಾಸು ಕೆಳಗಿಟ್ಟು, ರಸ್ತೆಯ ನಡುವೆ ನಿಂತು, ಸೀಟಿ ಊದಿದ. ಒಣಮೀನಿನ ಗಾಡಿಗೆ ಊದಿದ್ದಕ್ಕಿಂತ ಜೋರಾಗಿಯೇ ಊದಿರಬೇಕು. ಬಸ್ಸು ನಿಂತಿತು. ನಾನು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡೆ.

“ಯಾರ ಮನೆಯ ಮದುವೆ?” ಎಂದು ಅಣ್ಣ ಕೇಳಿದ.

ಮುಂದಿನ ಸೀಟಿನಲ್ಲಿ ಪೇಟ ಕಟ್ಟಿಕೊಂಡು ಸೋದರಮಾವನಾಗಿ ಕುಳಿತವನು ಮಿಲ್ಲಿನ ಲೆಕ್ಕ ಬರೆಯುವ ರೈಟರು, ಘಟ್ಟದ ಮೇಲಿನವನು. “ದೊಡ್ಡ ಮನೆಯದ್ದು,” ಎಂದ.

“ಮದುಮಗಳ ಬರಿ ಯಾವುದು?”

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ಒಂದೇ ಬರಿಯವರೆಂದರೆ ಅಣ್ಣ ತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ರೈಟರಿಗೆ ಇದೆಲ್ಲ ಎಲ್ಲಿ ಗೊತ್ತು? ಅವನು ದೊಡ್ಡಕ್ಕನ ಮುಖ ನೋಡಿದ. ದೊಡ್ಡಕ್ಕ ನನ್ನನ್ನು ತಿವಿದು, “ನಿನ್ನ ಬರಿ ಎಂತದ್ದು?” ಎಂದು ಪಿಸುಗುಟ್ಟಿದಳು. ಚಿಕ್ಕಂದಿನಿಂದ ಯಾರು ಕೇಳಿದರೂ ಹೇಳಿ ಅಭ್ಯಾಸವಾದದ್ದು. ನಾನು ಇದ್ದದ್ದನ್ನೇ ಹೇಳಿಬಿಟ್ಟೆ. ಅವಳು ಅದನ್ನು ಕಿಟಕಿಯಿಂದ ಗಟ್ಟಿಯಾಗಿ ಕೂಗಿದಳು.

“ಮದುಮಗನದ್ದು?”

ಎರಡೂ ಕಡೆಯವರು ಒಂದೇ ಆಗಿದ್ದರೆ ಒಳ್ಳೆಯದಲ್ಲವೇ ಎಂದುಕೊಂಡ ರೈಟರು, “ಅದೂ ಅದೇ!” ಎಂದ.

ಚಾದ ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು.

“ಆಟಿಯಲ್ಲಿ ಮದುವೆ! ಅದೂ ಒಂದೇ ಬರಿಯಲ್ಲಿ!” ಎಂದು ಒಬ್ಬ ಅಜ್ಜ ಕೋಲೆತ್ತಿದ. “ಇಳಿಸಿ ಆ ಹುಡುಗಿಯನ್ನು!”

“ಅದು ನಮ್ಮದೇ ಬರಿ,” ಎಂದ ಅಣ್ಣ. “ಹಾಗಾದ್ರೆ ಇವಳು ನಂಗೆ ತಂಗಿ ಆಯ್ತಲ್ಲ!” ನಂತರ ನನ್ನ ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ, “ಹೆದರ್ಬೇಡ ತಂಗಿ. ನಿನ್ನ ಅಣ್ಣ ಇದ್ದೇನೆ,” ಎಂದ.

ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಜನ ಬಸ್ಸು ಹತ್ತಿದರು. ಹೆಂಗಸರು ಕಿರುಚಿಕೊಂಡು ಇಳಿದರು. ಈಗ ಯಾರೂ ಹೇಳದಿದ್ದರೂ ಚೆನ್ನಾಗಿಯೇ ಅತ್ತರು. ನೂಕುನುಗ್ಗಲಿನಲ್ಲಿ ಅಜ್ಜನ ಕೋಲು ಸೀಟಿನಡಿಯ ಮೂಟೆಗೆ ತಾಗಿ, ಮೂಟೆ ಹರಿದು, ಅಕ್ಕಿ ಮೆಟ್ಟಿಲಿನಿಂದ ರಸ್ತೆಗೆ ಸುರಿಯಿತು. ಆಮೇಲೆ ಆಟಿ, ಬರಿ ಎಲ್ಲ ಮರೆತು ಹೋಯಿತು. ಮಳೆಯಲ್ಲಿ ನಿಂತವರೆಲ್ಲ ಬಿಚ್ಚಿದ ಕೊಡೆಗಳನ್ನು ಮಗುಚಿ ಹಿಡಿದು ಅಕ್ಕಿ ತುಂಬಿಸತೊಡಗಿದರು. ನಾನು ಹಿಂದಿನ ಬಾಗಿಲಿನಿಂದ ಹಾರಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಗದ್ದೆಯ ಅಂಚಿನ ಹುಣಿಯ ಮೇಲೆ ಓಡಿದೆ.

ಮುಂದಿನದ್ದನ್ನು ಕಾಕ ಹೇಳಿ ಕೇಳಿದ್ದು. ಪೊಲೀಸರ ಹಿಂದೆಯೇ ಧಣಿಗಳ ಜೀಪು ಬಂತು. ಧಣಿಗಳು ಬಸ್ಸಿನಲ್ಲಿದ್ದ ಮದುವೆಯ ಮಾಲೆಯನ್ನೇ ತೆಗೆದು ಅಣ್ಣನ ಕೊರಳಿಗೆ ಹಾಕಿ, “ಈ ಕಾರ್ಯಕರ್ತನನ್ನು ಪಡೀಲಿನಲ್ಲಿ ನಿಲ್ಲಿಸಿದ್ದು ನಾನೇ!” ಎಂದು ಭಾಷಣ ಮಾಡಿದರು. ಜನ ಒಂದು ಕೈಯಲ್ಲಿ ಅಕ್ಕಿಯ ಕೊಡೆ ಹಿಡಿದಿದ್ದರಿಂದ ಚಪ್ಪಾಳೆ ಜೋರಾಗಿ ಬರಲಿಲ್ಲವಂತೆ. ರೈಟರು ಎಲ್ಲ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಂಡು ಪೊಲೀಸರ ಜೊತೆ ಹೋದ. ದೊಡ್ಡಕ್ಕನೂ ಉಳಿದ ಹೆಂಗಸರೂ ಅಷ್ಟರಲ್ಲಿ ಗುಂಪಿನೊಳಗೆ ಮಾಯವಾಗಿದ್ದರು.

ಅಣ್ಣ ಮಾಲೆ ಹಾಕಿಕೊಂಡೇ ಮನೆಗೆ ಬಂದ. ಅಷ್ಟರಲ್ಲಿ ನಾನು ಸೀರೆ ಬದಲಿಸಿ, ಕಾಲಿನ ಕೆಸರು ತೊಳೆದು ಒಲೆಯ ಮುಂದೆ ಕುಳಿತಿದ್ದೆ. ಅವನು ಬಂದು ಹೊಸ್ತಿಲ ಮೇಲೆ ಕುಳಿತ.

“ನನ್ನನ್ನು ನಿಲ್ಲಿಸಿದ್ದು ಬೈಕಂಪಾಡಿಯಲ್ಲಿ. ಪಡೀಲಿನಲ್ಲಿ ನಿಲ್ಲಿಸಿದ್ದು ಅಂತ ಯಾಕೆ ಹೇಳಿದ್ರು?” ಎಂದ. “ಮತ್ತೆ ಆ ಹಸಿರು ಸೀರೆ... ಅದು ಧಣಿಗಳ ಹೆಂಡತಿಯದ್ದು. ಬಾವುಟ ಹಾರಿಸುವ ದಿನ ಅವರು ಉಟ್ಟದ್ದು ನಾನು ನೋಡಿದ್ದೇನೆ.”

ಸೀರೆಯ ಗುರುತು ಹಿಡಿದ ಅಣ್ಣ ತಂಗಿಯ ಗುರುತು ಹಿಡಿಯಲಿಲ್ಲ. ಮಾಲೆ ತೆಗೆದು ಗೂಟಕ್ಕೆ ನೇತುಹಾಕಿದ.

ಮರುದಿನ ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಇನ್ಸ್‌ಪೆಕ್ಟರು ಕೆಟ್ಟವರಲ್ಲ. “ನೀನು ಹೇಳುವುದು ಸರಿ ಇರಬಹುದು. ಆ ಸೀರೆ ಯಾರು ಉಡಿಸಿದ್ದು ಅಂತ ಆ ಮದುಮಗಳು ಬಂದು ಹೇಳ್ಬೇಕು. ಅವಳನ್ನು ಕರ್ಕೊಂಡು ಬಾ,” ಎಂದರಂತೆ.

ಅಂದಿನಿಂದ ಅಣ್ಣ ಮದುಮಗಳನ್ನು ಹುಡುಕತೊಡಗಿದ. ಮನೆಮನೆಗೆ ಹೋಗಿ, “ಇಲ್ಲಿ ಮದುಮಗಳು ಇದ್ದಾಳಾ?” ಎಂದು ಕೇಳುತ್ತಿದ್ದ. ಪ್ರಾಯಕ್ಕೆ ಬಂದ ಗಂಡಸು ಹಾಗೆ ಕೇಳಿದರೆ ಊರು ಏನು ತಿಳಿದುಕೊಳ್ಳಬೇಕು? ಆಟಿ ಕಳೆಯುವುದೇ ತಡ, ಮದುವೆ ದಲ್ಲಾಳಿಗಳು ನಮ್ಮ ಮನೆ ಬಾಗಿಲಿಗೆ ಬರಲು ಶುರುಮಾಡಿದರು.

“ಹುಡುಗಿ ಹೇಗಿರ್ಬೇಕು?” ಎಂದು ಒಬ್ಬ ದಲ್ಲಾಳಿ ಕೇಳಿದ.

“ಮುಖ ನೋಡ್ಲಿಲ್ಲ. ಚೆನ್ನಾಗಿ ಓಡ್ತಾಳೆ,” ಎಂದ ಅಣ್ಣ.

ಕಾಕ ಒಂದು ವಾರ ಆ ಮಾತು ಹೇಳಿಕೊಂಡೇ ಚಾ ಮಾರಿದ. ನಾನು ಮಾತ್ರ ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟು ಒಳಗೆ ಹೋಗುತ್ತಿದ್ದೆ. ಒಂದು ಸಲ ಅಣ್ಣ ನನ್ನನ್ನೇ ಕೇಳಿದ: “ನಿಮ್ಮ ಕಾರ್ಖಾನೆಯ ಹುಡುಗಿಯರಲ್ಲಿ ಯಾರಾದ್ರೂ ಇರಬಹುದಾ? ನೀನು ಸ್ವಲ್ಪ ವಿಚಾರಿಸ್ತೀಯಾ?” ವಿಚಾರಿಸುತ್ತೇನೆ ಎಂದೆ. ವಾರ ಬಿಟ್ಟು, ಯಾರೂ ಇಲ್ಲ ಎಂದೆ.

ಹುಡುಕುತ್ತಾ ಕುಲಶೇಖರದ ಒಂದು ಮನೆಗೆ ಹೋದವನನ್ನು ಆ ಮನೆಯವರು ಹೆಣ್ಣು ನೋಡಲು ಬಂದವನೆಂದೇ ತಿಳಿದು ಕೂರಿಸಿ ತಿಂಡಿ ಕೊಟ್ಟರು. ಅವನು ತಿಂಡಿ ತಿಂದು ಮುಗಿಸುವಾಗ ಮಾತುಕತೆ ಮುಗಿದಿತ್ತು. ನನ್ನ ಅತ್ತಿಗೆ ಬಂದದ್ದು ಹಾಗೆ. ಸಾಕ್ಷಿ ಮಾತ್ರ ಸಿಗಲಿಲ್ಲ. ಚುನಾವಣೆಯಲ್ಲಿ ಧಣಿಗಳು ಗೆದ್ದರು. ಅವರ ಮೆರವಣಿಗೆ ಪಡೀಲಿನಲ್ಲಿ ಹೋಗುವಾಗ ಅಣ್ಣ ಅಂಗಡಿಯ ಹಲಗೆ ಹಾಕಿ ಒಳಗೆ ಕುಳಿತಿದ್ದ. ಆಮೇಲೆ ಅವನು ಯಾರಿಗೂ ಕೊಡೆ ಹಿಡಿಯಲಿಲ್ಲ. ಊರಿನ ಮಕ್ಕಳು ಅವನನ್ನು ಕಂಡರೆ ಬಾಯಿಂದ ಸೀಟಿ ಊದಿ ಓಡುತ್ತಿದ್ದರು.

ಆ ಸೀರೆಯನ್ನು ನಾನು ಟ್ರಂಕಿನ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಒಂದು ದಿನ ಅತ್ತಿಗೆಯ ಕೈಗೆ ಅದು ಸಿಕ್ಕಿತು. ಅಳುತ್ತಾ ಅವಳಿಗೆ ಎಲ್ಲ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

“ಅವರಿಗೆ ಹೇಳ್ಬೇಡ ಮಾರಾಯ್ತಿ. ಆ ಮದುಮಗಳು ಸಿಕ್ಕಿದ್ರೆ ಮತ್ತೆ ನಾನು ಯಾರು?”

ಅವಳು ಹಾಗೆ ಹೇಳಿದ್ದರಿಂದ ನನಗೆ ಸಮಾಧಾನವಾಯಿತು. ಆಗಬಾರದಿತ್ತು. ಅವಳು ಹೇಳಿದ್ದು ನಗುವುದಕ್ಕೆ, ನಾನು ಅದನ್ನು ಜೀವಮಾನವಿಡೀ ಅಪ್ಪಣೆಯ ಹಾಗೆ ಪಾಲಿಸಿದೆ. ಅತ್ತಿಗೆ ಆ ಸೀರೆಯನ್ನು ಕತ್ತರಿಸಿ, ಬೂರುಗದ ಹತ್ತಿಯ ಜೊತೆ ಅಣ್ಣನ ತಲೆದಿಂಬಿನೊಳಗೆ ತುಂಬಿಸಿ ಹೊಲಿದಳು.

ನನಗೂ ಮದುವೆಯಾಯಿತು. ಆಟಿಗೆ ತವರಿಗೆ ಬಂದಾಗಲೆಲ್ಲ ಅಣ್ಣ ಊಟದ ನಂತರ ಅದೇ ತಲೆದಿಂಬನ್ನು ಚಾವಡಿಗೆ ತಂದು ಮಲಗಿ, ಮಕ್ಕಳಿಗೆ ಬಸ್ಸು ನಿಲ್ಲಿಸಿದ ಕಥೆ ಹೇಳುತ್ತಿದ್ದ. ಕೊನೆಯಲ್ಲಿ ಪ್ರತಿ ಸಲವೂ ತಲೆದಿಂಬನ್ನು ಮಗುಚಿ ಹಾಕಿಕೊಳ್ಳುತ್ತಿದ್ದ.

“ಪಾಪ, ಆ ಹುಡುಗಿ ಹೆದರಿದ್ದಳು,” ಎನ್ನುತ್ತಿದ್ದ. “ನಾನು ಇದ್ದೇನೆ ಅಂತ ಹೇಳಿದ್ದೆ. ಅವಳಿಗೆ ಕೇಳಿಸ್ಲಿಲ್ಲ ಅಂತ ಕಾಣ್ತದೆ.”